ಪ್ರಶ್ನೆಯಕ್ಕ ಎರಡನೇ ಸಲ ಬಾಗಿಲು ತಟ್ಟಿದಾಗ

ಬೆಳಗಿನ ಐದೂವರೆ. ಲಾಂಡ್ರಿ ಕಾರ್ಖಾನೆಯ ಪಾಳಿಗೆ ಹೊರಟ ಹೆಂಗಸರು ಸಿಗುವುದು ಈ ಹೊತ್ತಿಗೆ ಮಾತ್ರ. ಪತ್ರಿಕೆಗೆ ಬರೆಯಲೆಂದು ಬಂದ ನನ್ನ ಜೊತೆ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತ ಪ್ರಶ್ನೆಯಕ್ಕ, ಚಪ್ಪಲಿ ಹುಡುಕುತ್ತಿರುವ ಒಬ್ಬಾಕೆಯನ್ನು ಕೇಳುತ್ತಾರೆ: "ಕಳೆದ ತಿಂಗಳು ಕಾಯಿಲೆಯಿಂದ ಎಷ್ಟು ದಿನ ಕೆಲಸ ಬಿಟ್ರಿ?"

"ಹದಿನೈದು ದಿನದ ಹಿಂದೆ ಇದನ್ನೇ ಕೇಳಿದ್ಯಲ್ಲೇ ತಾಯಿ! ಮರೆವಿನ ಕಾಯಿಲೆ ನಿಂಗೇ ಬಂದಿರ್ಬೇಕು, ಮೊದ್ಲು ಡಾಕ್ಟರಿಗೆ ತೋರಿಸ್ಕೋ. ಒಂದಿನಾನೂ ಬಿಟ್ಟಿಲ್ಲ, ಬರ್ಕೋ."

ಮರೆವಲ್ಲ, ಇವರ ಕೆಲಸವೇ ಅದು. ಆರೋಗ್ಯ ಇಲಾಖೆಯ ಪ್ರಶ್ನಾವಳಿ ಊರಿನ ಹಳಬರಿಗೆ, ಹೊಳೆಯಾಚೆಯಿಂದ ಬಂದವರಿಗೆ, ಗುಡ್ಡದಿಂದ ಇಳಿದು ಬಂದವರಿಗೆ ಒಂದೇ ತೆರನಾಗಿ ಒಪ್ಪುತ್ತದೆಯೇ ಎಂದು ಪರೀಕ್ಷಿಸುವುದು. ಎರಡು ಸಲವೂ ಒಂದೇ ಉತ್ತರ ಬಂದರೆ ಪ್ರಶ್ನೆಯನ್ನು ನಂಬಬಹುದಂತೆ. ದಿನಕ್ಕೆ ಎಂಟು ಮನೆ, ಮನೆಗೆ ಮೂವತ್ತೆರಡು ಪ್ರಶ್ನೆ, ಆರು ವರ್ಷವಾಯಿತು. ಎಲ್ಲಿ ಕಾಯಿಲೆ ಹೆಚ್ಚು ಕಾಣುತ್ತದೋ ಆ ಬಡಾವಣೆಗೆ ಆಸ್ಪತ್ರೆ ಕೊಡುತ್ತಾರೆ.

ಪ್ರಶ್ನೆಯಕ್ಕನೂ ಗುಡ್ಡದವರೇ, ಒಂಬತ್ತು ವರ್ಷ ಇದೇ ಲಾಂಡ್ರಿಯ ಹಬೆ ಕುಡಿದವರು. "ಜ್ವರ ಅಂತ ಮನೇಲಿ ಕೂತ್ರೆ ನಾಳೆ ನಮ್ಮ ಜಾಗದಲ್ಲಿ ಇನ್ಯಾರೋ ಇರ್ತಾರೆ. ಅದಕ್ಕೇ ನಮ್ಮವರದ್ದೆಲ್ಲ ಸೊನ್ನೆ. ಎರಡು ಸಲ ಕೇಳಿದ್ರೂ ಸೊನ್ನೆ. ಪ್ರಶ್ನೆ ಗಟ್ಟಿಯಾಗಿದೆ, ಜನ ಗುಂಡುಕಲ್ಲಿನ ಹಾಗಿದ್ದಾರೆ ಅಂತ ಮೇಲಿನವರು ಬರ್ಕೊಂಡ್ರು."

ಆ ಗುಂಡುಕಲ್ಲುಗಳಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಳು. ಎದೆ ಹಿಡಿದುಕೊಂಡು ಕೆಮ್ಮುತ್ತಲೇ ಸೊನ್ನೆ ಎಂದಿದ್ದಳು. ಎರಡನೇ ಸಲ ಹೋದಾಗ ಬಾಗಿಲು ತೆಗೆದವನು ಗಂಡ.

"ಅವಳಿಲ್ಲಮ್ಮ. ಮಂಗಳವಾರ ಹೋಗ್ಬಿಟ್ಲು. ಅವತ್ತೂ ಪಾಳಿ ಮುಗಿಸ್ಕೊಂಡೇ ಬಂದಿದ್ಲು."

ಎರಡನೇ ಉತ್ತರವಿಲ್ಲದ ಫಾರ್ಮನ್ನು ಲೆಕ್ಕದಿಂದ ತೆಗೆಯಬೇಕು, ಅದು ನಿಯಮ. ಸತ್ತವರನ್ನು ಬಿಟ್ಟು ಎಣಿಸಿದರೆ ಯಾವ ಬಡಾವಣೆ ತಾನೇ ಆರೋಗ್ಯವಾಗಿರುವುದಿಲ್ಲ, ಹೇಳಿ?

ಇನ್ನೊಂದು ಪ್ರಶ್ನೆ ಸೇರಿಸಿ ಎಂದು ಪ್ರಶ್ನೆಯಕ್ಕ ಗೋಗರೆದರು: ನೋವಿಟ್ಟುಕೊಂಡೇ ಎಷ್ಟು ದಿನ ದುಡಿದಿರಿ? ತಾವೇ ಇಪ್ಪತ್ತು ಮನೆಗಳಲ್ಲಿ ಕೇಳಿ ಫಾರ್ಮಿನ ಅಂಚಿನಲ್ಲಿ ಬರೆದೂ ಕೊಟ್ಟರು. ಹತ್ತು ದಿನ, ಹದಿನೆಂಟು, ಇಡೀ ತಿಂಗಳು. "ಅಂಚಿನಲ್ಲಿರೋದು ಲೆಕ್ಕಕ್ಕಿಲ್ಲಮ್ಮ" ಎಂದರು ಇಲಾಖೆಯ ಸಾಹೇಬರು. ಶುಕ್ರವಾರ ಹಳೆಯ ಪ್ರಶ್ನಾವಳಿಯೇ ಅಚ್ಚಿಗೆ ಹೋಗುತ್ತದೆ. ಗುಡ್ಡದವರ ಬಡಾವಣೆಗೆ ಆಸ್ಪತ್ರೆ ಬರುವುದಿಲ್ಲ.

ಕೆಲಸ ಬಿಡಬೇಕು ಅನ್ನಿಸಲಿಲ್ಲವೇ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ಆ ಇಸ್ತ್ರಿಯಮ್ಮನ ಫಾರ್ಮ್ ಖಾಲಿ ಬಿಡೋಕೆ ಮನಸ್ಸು ಬರ್ಲಿಲ್ಲ. ಎರಡನೇ ಉತ್ತರದ ಜಾಗದಲ್ಲೇ, ಅಂಚಲ್ಲಲ್ಲ, 'ತೀರಿಕೊಂಡ ದಿನವೂ ಕೆಲಸಕ್ಕೆ ಹೋಗಿದ್ದರು' ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದೀನಿ. ನನ್ನನ್ನ ತೆಗೆದ್ರೆ ತೆಗೀಲಿ. ಆ ಹಾಳೆ ಮಾತ್ರ ತೆಗೀಬಾರ್ದು."