ದೃಷ್ಟಿ ಪರೀಕ್ಷೆಯಲ್ಲಿ ಮೊದಲ ಸ್ಥಾನ

ಹೋದ ವಾರ ಹುಮನಾಬಾದಿನ ನಮ್ಮ ಶಾಲೆಯ ಕಪಾಟಿನಿಂದ ಕಣ್ಣು ಪರೀಕ್ಷೆಯ ಚಾರ್ಟು ಹೊರಬಂತು. ಸುರುಳಿ ಬಿಚ್ಚಿದೊಡನೆ ಹಳೇ ಕಾಗದದ ಜೊತೆ ನುಸಿ ಗುಳಿಗೆಯ ವಾಸನೆ. ಮೇಲೊಂದು ದೊಡ್ಡ ಅಕ್ಷರ, ಕೆಳಗೆ ಹೋದಂತೆ ಇರುವೆಗಾತ್ರದವು. ನಾನು ಅದಕ್ಕೆ ಬೆನ್ನು ಮಾಡಿ ನಿಂತು ಕೊನೆಯ ಸಾಲನ್ನು ಗಡಗಡ ಒಪ್ಪಿಸಿಬಿಟ್ಟೆ: "ತ, ರ, ಗ, ಪ, ನ, ದ, ಲ." ಜೊತೆಯ ಶಿಕ್ಷಕರು ಬಾಯಿ ತೆರೆದರು. ನೀವು ಗಾಬರಿಯಾಗಬೇಡಿ, ಇದು ಪವಾಡವಲ್ಲ, ಒಳ್ಳೆಯ ಶಿಕ್ಷಣದ ಫಲ.

ಆ ಶಿಕ್ಷಣ ಸಿಕ್ಕಾಗ ನಾನು ಬಸವಕಲ್ಯಾಣದಲ್ಲಿ ಎರಡನೇ ಇಯತ್ತೆ. ಬಲಗಣ್ಣು ನೆಟ್ಟಗಿತ್ತು. ಎಡಗಣ್ಣು ಕನ್ನಡಿಯಲ್ಲಿ ಅಷ್ಟೇ ಚೆಂದ ಕಾಣುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ವೈದ್ಯರು ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಣ್ಣೊಂದನ್ನು ಬಿಟ್ಟು ಉಳಿದ ನನ್ನನ್ನೆಲ್ಲ ಸೋಮಾರಿ ಎನ್ನುತ್ತಿದ್ದರು. ಮನೆಗೆ ಬಂದ ಬೀಗರಿಗೆ ಚಹಾ ಹಾಕಲು ಹೋದರೆ ಕಪ್ಪಿನ ಪಕ್ಕಕ್ಕೆ ಬೀಳುತ್ತಿತ್ತು. ಕೊನೆಯ ಮೆಟ್ಟಿಲು ಎಲ್ಲಿದೆಯೆಂದು ಮೊಣಕಾಲು ತರಚಿದ ಮೇಲೆ ತಿಳಿಯುತ್ತಿತ್ತು. ಸೂಜಿಗೆ ದಾರ ಹಾಕಲು ಕೂತರೆ ಅಜ್ಜಿ ಕಿತ್ತುಕೊಂಡು ತಾನೇ ಪೋಣಿಸುತ್ತಿದ್ದಳು, ಅಜ್ಜಿಗೆ ಆಗಲೇ ಪೊರೆ ಬಂದಿತ್ತು.

"ಲಕ್ಷ್ಯ ಎಲ್ಲಿ ಇರ್ತದ ನಿಂದು?" ಎಂದು ಅವ್ವ ದಿನಕ್ಕೆ ಹತ್ತು ಸಲ ಕೇಳುವಳು. ಲಗೋರಿಯಲ್ಲಿ ಚೆಂಡು ನನ್ನ ಕೈಗೆ ಎಂದೂ ಸಿಕ್ಕಿದ್ದಿಲ್ಲ. ಹೀಗಾಗಿ ಎರಡೂ ತಂಡದವರು ಬಹಳ ಉದಾರಿಗಳಾಗಿ "ಈಕಿ ನಿಮ್ಮ ಕಡೀಗೆ ಇರ್ಲಿ" ಎಂದು ನನ್ನನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರು. ಎಲ್ಲರಿಗೂ ಒಂದು ಕಣ್ಣು ಕೆಲಸಕ್ಕೆ, ಇನ್ನೊಂದು ಜೋಡಿಗೆ ಎಂದೇ ನಾನು ತಿಳಿದಿದ್ದೆ. ಆದ್ದರಿಂದ ತಪ್ಪು ನನ್ನದೇ ಇರಬೇಕು. ಕ್ರಮೇಣ ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಟ್ಟೆ.

ಅಷ್ಟರಲ್ಲಿ ಆಸ್ಪತ್ರೆಯಿಂದ ಕಣ್ಣು ಪರೀಕ್ಷೆಗೆ ಬರುತ್ತಾರೆಂಬ ಸುದ್ದಿ ಬಂತು. ನಮ್ಮ ಹೆಡ್‌ಮಾಸ್ತರರು ಮೋರಖಂಡಿಯಿಂದ ಸೈಕಲ್ ಮೇಲೆ ಬರುವ ಶಿಸ್ತಿನ ಮನುಷ್ಯ. ಪರೀಕ್ಷೆ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಫಲಿತಾಂಶ ನೂರಕ್ಕೆ ನೂರು ಆಗಲೇಬೇಕು.

"ನಮ್ಮ ಸಾಲ್ಯಾಗ ಒಬ್ರೂ ನಪಾಸ್ ಆಗಬಾರ್ದು ನೋಡ್ರಿ. ಇಜ್ಜತ್ ಸವಾಲ್ ಅದ" ಎಂದು ಶಿಕ್ಷಕರಿಗೆ ತಾಕೀತು ಮಾಡಿದರು. ಆಸ್ಪತ್ರೆಯವರು ಮುಂಗಡ ಕಳಿಸಿದ್ದ, ಇವೇ ಅಕ್ಷರಗಳ ಚಾರ್ಟು ಗೋಡೆಗೇರಿತು. ಎಂಟು ದಿನ ಮಗ್ಗಿ ಬಂದ್. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅದನ್ನೇ ಒದರಿದೆವು. ಒಳ್ಳೆಯ ಕಣ್ಣಿನ ಹುಡುಗರು ತಡವರಿಸಿದರು, ನಾನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿ ಮುಗಿಸಿದೆ.

ಪರೀಕ್ಷೆಯ ದಿನ ಬಲಗಣ್ಣು ಮುಚ್ಚಿದರೆ ಎದುರಿಗೆ ಬರೀ ಮಂಜು. ಆ ಮಂಜಿಗೆ ಮುಖ ಮಾಡಿ ಕೊನೆಯ ಸಾಲಿನವರೆಗೆ ಒಪ್ಪಿಸಿದೆ. "ಶಾಭಾಸ್! ಹದ್ದಿನ ಕಣ್ಣು ಅದಾವ ಈಕೀವು" ಎಂದರು ಬಂದವರು. ಹೆಡ್‌ಮಾಸ್ತರರು ಪೆನ್ಸಿಲ್ ಬಹುಮಾನ ಕೊಟ್ಟರು. ಅವ್ವ ಬಾಯಿಗೆ ಸಕ್ಕರೆ ಹಾಕಿದಳು. ಯಾವುದರಲ್ಲಾದರೂ ನಾನು ಮೊದಲು ಬಂದದ್ದು ಅದೇ ಮೊದಲು. ಈಗ ನಗು ಬರುತ್ತದೆ, ಆದರೆ ಆ ದಿನದ ಖುಷಿ ಮಾತ್ರ ಖರೆ.

ನೌಕರಿಗೆ ಸೇರುವ ಮುಂಚಿನ ತಪಾಸಣೆಯಲ್ಲಿ ಡಾಕ್ಟರು ಎಡಗಣ್ಣಿಗೆ ಬೆಳಕು ಹಿಡಿದು ನಿಟ್ಟುಸಿರುಬಿಟ್ಟರು. "ಸಣ್ಣಾಕಿ ಇದ್ದಾಗ ಬಂದಿದ್ರ ಒಳ್ಳೆ ಕಣ್ಣಿಗೆ ಪಟ್ಟಿ ಹಚ್ಚಿ ಇದರ ಕಡಿಂದ ದುಡಿಸಬಹುದಿತ್ತು. ಈಗ ಭಾಳ ತಡ ಆಗೇದ. ಯಾರೂ ಪರೀಕ್ಷಾ ಮಾಡಿಲ್ಲೇನ್ರಿ?"

"ಮಾಡ್ಯಾರ್ರಿ" ಎಂದೆ. "ಪೈಲಾ ನಂಬರ್ ಕೊಟ್ಟಾರ."

ಈಗ ನಮ್ಮ ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆ ಕೇಳಿ: "ಸೋಮವಾರ ಕಣ್ಣು ನೋಡಾವ್ರು ಬರ್ತಾರ. ಚಾರ್ಟ್ ಗ್ವಾಡಿಗಿ ಹಚ್ರಿ ಮೇಡಂ, ಮಕ್ಕಳಿಗಿ ರೂಢಿ ಆಗ್ಲಿ." ಹೌದ್ರಿ ಎಂದು ಮೊಳೆ ಹಿಡಿದುಕೊಂಡೇ ನನ್ನ ಮೂರನೇ ಇಯತ್ತೆಗೆ ಹೋದೆ. ಅಲ್ಲಿ ತಬಸ್ಸುಮ್ ಕುತ್ತಿಗೆ ಓರೆ ಮಾಡಿ ಗೆರೆ ಬಿಟ್ಟು ಬರೆಯುತ್ತಿದ್ದಳು. ಹಲಗೆಯ ಮೇಲೆ ಬರೆಯಲು ಖಡು ಕೊಟ್ಟರೆ ಅದರ ಪಕ್ಕದ ಗಾಳಿಯನ್ನು ಹಿಡಿದಳು. ಹಿಂದಿನ ದಿನವಷ್ಟೇ ನಾನು ಅವಳಿಗೆ "ಕೈಗಿ ಏನಾಗೇದ ನಿಂದು?" ಎಂದು ಗದರಿದ್ದೆ. ಅನುಭವಸ್ಥೆ ನಾನು! ನಾಚಿಕೆಯಿಂದ ಮೈ ಹಿಡಿಯಾಯಿತು. ಚಾರ್ಟು ಸುತ್ತಿ ಚೀಲಕ್ಕೆ ಹಾಕಿ, ಹಚ್ಚುವುದನ್ನು 'ಮರೆತು' ಮನೆಗೆ ಹೋಗುವ ಬಸವಕಲ್ಯಾಣದ ಬಸ್ಸು ಹತ್ತಿದೆ.

ಸೋಮವಾರ ಪರೀಕ್ಷೆಯವರು ಬಂದ ಮೇಲೆಯೇ ಚಾರ್ಟು ಚೀಲದಿಂದ ಹೊರಬಂತು. ತಬಸ್ಸುಮ್ ಎಡಗಣ್ಣು ಮುಚ್ಚಿ ಎಲ್ಲವನ್ನೂ ಓದಿದಳು. ಬಲಗಣ್ಣು ಮುಚ್ಚಿಸಿದಾಗ ಮೇಲಿನ ದೊಡ್ಡ ಅಕ್ಷರಕ್ಕೇ ತಡವರಿಸಿದಳು. ನನ್ನ ಕಡೆ ತಿರುಗಿ ಅಳುಮುಖ ಮಾಡಿ, "ಟೀಚರ್, ಇದು ನೀವು ಹೇಳಿಕೊಟ್ಟಿಲ್ರಿ" ಎಂದಳು.

ಕಣ್ಣು ನೋಡಲು ಬಂದವರು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು, ಇನ್ನೂ ವಯಸ್ಸು ಮೀರಿಲ್ಲ, ಪಟ್ಟಿ ಹಚ್ಚಿದರೆ ಸುಧಾರಿಸುತ್ತದೆ ಎಂದರು. ಮುಖ್ಯೋಪಾಧ್ಯಾಯಿನಿ "ಒಂದು ನಪಾಸ್ ಬಂತಲ್ರೀ" ಎಂದು ಹಣೆ ಒತ್ತಿಕೊಂಡರು. ನಾನು ತಬಸ್ಸುಮಳ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

"ನಿಂಗ ಆ ಕಣ್ಣಿಂದ ಕಾಣ್ಸಂಗಿಲ್ಲ ಬೇಟಾ. ಅಷ್ಟ. ಅದಕ್ಕ ಔಷಧ ಅದ."

ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದಳು: "ಅಂದ್ರ ನಾ ದಡ್ಡಿ ಅಲ್ಲೇನ್ರಿ?"