ಮಾದಿಹಳ್ಳಿ ಗದ್ದೆಯಲ್ಲಿ ಸ್ಟೀರಿಂಗ್ ಪರೀಕ್ಷೆ

ಅರಸೀಕೆರೆಯಲ್ಲಿ ನನ್ನದು ವ್ಹೀಲ್ ಅಲೈನ್‌ಮೆಂಟ್ ಅಂಗಡಿ. ಕಾರಿನ ಮುಂದಿನ ಎರಡು ಚಕ್ರಗಳು ಒಳಕ್ಕೂ ವಾಲಬಾರದು, ಹೊರಕ್ಕೂ ವಾಲಬಾರದು, ನೆಟ್ಟಗೆ ರಸ್ತೆ ನೋಡಬೇಕು ಎಂದು ಹದಿನೆಂಟು ವರ್ಷಗಳಿಂದ ಜನಕ್ಕೆ ಹೇಳಿಕೊಂಡು ಬಂದವನು. ಹಾಗಾಗಿ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೊಬೈಲ್ ಹಿಡಿದುಕೊಂಡು ಬಂದು, “ಇದನ್ ನೋಡ್ಲಾ” ಎಂದಾಗ ನನಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಅದು ಪರದೇಶದ ದೊಡ್ಡ ರೇಸಿನ ಹಳೆಯ ವಿಡಿಯೋ. ಸೀಸನ್ ಶುರುವಾಗುವ ಮುಂಚೆ ಕಾರುಗಳನ್ನು ಪರೀಕ್ಷೆಗೆ ಓಡಿಸುತ್ತಿದ್ದರು. ನೇರ ರಸ್ತೆಗೆ ಬಂದಕೂಡಲೇ ಡ್ರೈವರ್ ಸ್ಟೀರಿಂಗನ್ನು ಎದೆಯ ಕಡೆಗೆ ಎಳೆದ. ಮುಂದಿನ ಚಕ್ರಗಳು ಅಲ್ಲೇ, ಓಡುತ್ತಿರುವಾಗಲೇ, ವಾಲು ಬದಲಿಸಿದವು. ತಿರುವು ಬರುವಾಗ ಸ್ಟೀರಿಂಗನ್ನು ತಳ್ಳಿದ. ಚಕ್ರಗಳು ಮೊದಲಿನಂತಾದವು. ಟೈರು ಹದವಾಗಿ ಬಿಸಿಯಾಗುತ್ತದಂತೆ, ಹಿಡಿತ ಹೆಚ್ಚುತ್ತದಂತೆ.

“ನಮ್ಮ ಕಾರಿಗೂ ಮಾಡನ” ಎಂದರು ಭಾವ.

ನಮ್ಮ ಕಾರು ಎಂದರೆ ಅಕ್ಕ ರೇಸಿಗೆಂದು ಇಟ್ಟುಕೊಂಡಿದ್ದ ಹಳೆಯ ಕಾರು. ಅಕ್ಕನಿಗೆ ನಲವತ್ತೆರಡು. ಮಾದಿಹಳ್ಳಿಯ ಸುತ್ತಮುತ್ತ ಹಾಲಿನ ಕ್ಯಾನು ಸಂಗ್ರಹಿಸುವ ಪಿಕಪ್ ಓಡಿಸುತ್ತಾಳೆ. ಹಿಂದಿನ ವರ್ಷ ಅರಸೀಕೆರೆ ಹೊರವಲಯದಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಕಾರ್ ರೇಸ್ ಇಟ್ಟಿದ್ದರು. ಹೆಂಗಸರ ವಿಭಾಗಕ್ಕೆ ಆರು ಜನ ಬಂದಿದ್ದರು. ಅಕ್ಕ ಆರನೆಯವಳಾಗಿ ಮುಗಿಸಿ, ಹೆಲ್ಮೆಟ್ ತೆಗೆದು, “ಮುಂದಿನ್ ವರ್ಸ ನೋಡನ” ಎಂದಿದ್ದಳು. ಭಾವ ಮೂವತ್ತು ವರ್ಷ ಬಸ್ ರಿಪೇರಿ ಮಾಡಿ ನಿವೃತ್ತರಾದವರು. ಆ ಮಾತನ್ನು ತಮಗೆ ಕೊಟ್ಟ ಕೆಲಸವೆಂದೇ ತಿಳಿದುಕೊಂಡರು.

ಸ್ಟೀರಿಂಗನ್ನೇ ಎಳೆಯುವಂತೆ ಮಾಡುವುದು ನಮ್ಮಿಂದ ಆಗಲಿಲ್ಲ. ಅದಕ್ಕೆ ಭಾವ, ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ್ಯಾಕ್ ಬಿಗಿದಿದ್ದ ಬೋಲ್ಟ್ ತೂತುಗಳನ್ನು ಉದ್ದ ಮಾಡಿ, ರ್ಯಾಕು ಒಂದು ಬೆರಳಗಲ ಹಿಂದೆ ಮುಂದೆ ಸರಿದು ಚಕ್ರಗಳ ವಾಲು ಬದಲಾಗುವಂತೆ ಮಾಡಿದರು. ಎಳೆಯಲು ಸೀಟಿನ ಪಕ್ಕ ಇನ್ನೊಂದು ಹ್ಯಾಂಡ್‌ಬ್ರೇಕ್ ಲಿವರ್ ಕೂರಿಸಿದರು. ಕಾರಿನೊಳಗೆ ಈಗ ಎರಡು ಹ್ಯಾಂಡ್‌ಬ್ರೇಕು. ಒಂದು ನಿಲ್ಲಿಸಲು, ಇನ್ನೊಂದು ಗೆಲ್ಲಲು.

ಭತ್ತ ಕುಯ್ದು ಒಣಗಿದ್ದ ಅವರ ಗದ್ದೆಯಲ್ಲಿ ಪರೀಕ್ಷೆ ನಡೆಯಿತು. ಟೈರು ಎಷ್ಟು ಬಿಸಿಯಾಗಿದೆ ಎಂದು ನೋಡುವ ಕೆಲಸ ನನ್ನದು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರದ ಗನ್ನೊಂದು ಅಕ್ಕನ ಮನೆಯಲ್ಲಿ ಉಳಿದಿತ್ತು. ಹತ್ತು ಸುತ್ತು ಮುಗಿದ ಮೇಲೆ ಮಂಡಿಯೂರಿ ಒಂದೊಂದೇ ಟೈರಿಗೆ ಹಿಡಿದೆ. ಬಲಗಡೆಯ ಮುಂದಿನ ಟೈರಿಗೆ ಮೂವತ್ತೆಂಟು ತೋರಿಸಿ, ಕೆಂಪು ದೀಪ ಹತ್ತಿಸಿ ಕೂಗಿಕೊಂಡಿತು. ಎಡಗಡೆಯದಕ್ಕೆ ಜ್ವರವಿರಲಿಲ್ಲ.

“ಒಂದು ಮಾತ್ರೆ ಕೊಟ್ ಮಲಗಿಸು” ಎಂದಳು ಅಕ್ಕ ಕಿಟಕಿಯಿಂದ.

ಭಾವ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮೂರನೆಯ ಬೆಳಿಗ್ಗೆ ಅಕ್ಕ ಗದ್ದೆಯ ಮೂಲೆಯಲ್ಲಿ ತಿರುಗಿಸುತ್ತಿದ್ದಾಗ ಲಿವರ್ ತಾನಾಗಿ ಹಲ್ಲು ತಪ್ಪಿ ಜಾರಿತು. ಚಕ್ರಗಳು ಎರಡು ದಿಕ್ಕು ಹಿಡಿದವು. ಕಾರಿಗೆ ಯಾವುದರ ಮಾತು ಕೇಳಬೇಕೆಂದು ತಿಳಿಯಲಿಲ್ಲ. ಬದು ಹಾರಿ ಪಕ್ಕದವರ ತಿಪ್ಪೆಗೆ ನುಗ್ಗಿ ನಿಂತಿತು. ಸ್ಟೀರಿಂಗ್ ಗಿರ್ರನೆ ತಿರುಗಿ ಅಕ್ಕನ ಮಣಿಕಟ್ಟಿಗೆ ಬಡಿದಿತ್ತು. ನಾವು ಓಡಿಹೋಗಿ ನೋಡಿದರೆ ಅವಳು ಕೈ ಹಿಡಿದುಕೊಂಡು ಕೂತಿದ್ದಳು. ಭಾವ ಗಾಬರಿಯಲ್ಲಿ, “ಲಿವರ್ ಎಷ್ಟನೇ ಹಲ್ಲಲ್ಲಿತ್ತು?” ಎಂದು ಕೇಳಿಬಿಟ್ಟರು.

ಅಕ್ಕ ಅವರ ಕಡೆ ತಿರುಗಿದಳು. “ಮೂರ್ ದಿನದಿಂದ ಇಬ್ರೂ ಟೈರ್ ಕೇಳ್ತಿದೀರ, ಲಿವರ್ ಕೇಳ್ತಿದೀರ. ಗಾಡಿ ಹೆಂಗ್ ಓಡ್ತೈತೆ ಅಂತ ನನ್ನನ್ ಒಬ್ರಾದ್ರೂ ಕೇಳಿದ್ರಾ?”

ನಾವು ಕೇಳಿರಲಿಲ್ಲ.

ಮೂಳೆ ಮುರಿದಿಲ್ಲ, ಹತ್ತು ದಿನ ಸ್ಟೀರಿಂಗ್ ಮುಟ್ಟಬೇಡಿ ಎಂದರು ಹಳೇಬೀಡಿನ ಡಾಕ್ಟರು. ಹಾಲು ಹತ್ತು ದಿನ ಕಾಯುವುದಿಲ್ಲವಲ್ಲ. ಪಿಕಪ್ಪನ್ನು ಭಾವ ಓಡಿಸಿದರು, ಅಕ್ಕ ಪಕ್ಕದಲ್ಲಿ ಕೂತು ದಾರಿ ಹೇಳಿದಳು. ಎರಡನೆಯ ದಿನ, ತುಂಬಿದ ಕ್ಯಾನು ಹೇರಿಕೊಂಡು ಹೋಗುತ್ತಿರುವಾಗ ಅವಳು, “ಹಿಂದಿನ್ ಎಡಗಡೇಲಿ ಗಾಳಿ ಕಮ್ಮಿ ಆಗೈತೆ ಕಣ್ರೀ” ಎಂದಳಂತೆ. ಭಾವ ನಂಬಲಿಲ್ಲ. ಇಳಿದು ಗೇಜು ಹಾಕಿ ನೋಡಿದರು. ನಾಲ್ಕು ಪೌಂಡು ಕಮ್ಮಿ.

ಆ ಸಂಜೆ ನನಗೆ ಫೋನ್ ಮಾಡಿ, “ನಿಮ್ಮಕ್ಕ ಕೂತ ಜಾಗದಲ್ಲೇ ಹೇಳ್ಬುಟ್ಲು ಕಣ್ಲಾ” ಎಂದರು. ಮರುದಿನ ನಾನು ಹೋದಾಗ ಲಿವರ್ ಬಿಚ್ಚಿ ಬದಿಗಿಟ್ಟಿದ್ದರು. ಉದ್ದ ಮಾಡಿದ ತೂತುಗಳಿಗೆ ವೆಲ್ಡಿಂಗ್ ನಡೆದಿತ್ತು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಅಕ್ಕನ ಕೈ ವಾಸಿಯಾದ ಮೇಲೆ ಪರೀಕ್ಷೆ ಮತ್ತೆ ಶುರುವಾಯಿತು, ಈ ಸಲ ಅವಳು ಹೇಳಿದ ಹಾಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಹಿಂದಿನ ಟೈರಿಗೆ ಎರಡು ಪೌಂಡು ಗಾಳಿ ಇಳಿಸಿ ಐದು ಸುತ್ತು, ಇನ್ನೆರಡು ಇಳಿಸಿ ಐದು ಸುತ್ತು. ಪ್ರತಿ ಸಲ ನಿಲ್ಲಿಸಿ, “ಈಗ ಬಾಲ ಅಳ್ಳಾಡ್ತೈತೆ”, “ಈಗ ಮಣ್ ಕಚ್ತು” ಎನ್ನುತ್ತಿದ್ದಳು. ಭಾವ ಅದನ್ನು ಹಾಗೆಯೇ ಬರೆದುಕೊಂಡರು. ನನ್ನ ಸರದಿ ಬಂದಾಗ, “ಮುಂದಿನ ಚಕ್ರ ಒಂಚೂರು ಹೊರಕ್ ಬಿಡೋ, ಮೂತಿ ಬೇಗ ತಿರುಗ್ಲಿ” ಎಂದಳು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಒಂದು ಕಾರಿನ ಚಕ್ರವನ್ನು ಬೇಕೆಂದೇ ವಾರೆ ಮಾಡಿದೆ. ಸುತ್ತ ಯಾವ ಗಿರಾಕಿಯೂ ಇರಲಿಲ್ಲ.

ರೇಸಿನ ದಿನ ತಪಾಸಣೆಗೆ ಬಂದ ಹಿರಿಯರೊಬ್ಬರು ಕಾರಿನಡಿ ಮಲಗಿ ಟಾರ್ಚ್ ಬಿಟ್ಟರು. “ಇಲ್ಲೇನ್ರೀ ಇಷ್ಟೊಂದು ವೆಲ್ಡಿಂಗು?” ಎಂದರು. ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಎಲ್ಲವನ್ನೂ ಹೇಳಿದರು. ಆ ಹಿರಿಯರು ಮೊದಲು ಬೆಸುಗೆಯನ್ನೆಲ್ಲ ಬಡಿದು, ಎಳೆದು ನೋಡಿ ಒಪ್ಪಿಗೆ ಕೊಟ್ಟರು. ಆಮೇಲೆ, “ಆ ಎಳೆಯೋ ಸ್ಟೀರಿಂಗ್‌ನ ಪರದೇಶದಲ್ಲೂ ಮುಂದಿನ ವರ್ಷವೇ ನಿಲ್ಲಿಸಿಬಿಟ್ರು, ಗೊತ್ತಾ?” ಎಂದರು. ಭಾವನಿಗೆ ಗೊತ್ತಿರಲಿಲ್ಲ. ವಿಡಿಯೋ ಇಂಗ್ಲಿಷಿನಲ್ಲಿತ್ತು. “ಆದ್ರೂ ಹೆಂಗ್ ಮಾಡಿದ್ರಿ, ಸ್ವಲ್ಪ ಬರ್ದು ತೋರ್ಸಿ” ಎಂದು ಹಿರಿಯರು ತಪಾಸಣೆಯೆಲ್ಲ ಮುಗಿದ ಮೇಲೆ ಭಾವನನ್ನು ತೆಂಗಿನ ಮರದ ನೆರಳಿಗೆ ಕರೆದುಕೊಂಡು ಹೋದರು.

ಈ ಸಲ ಏಳು ಜನ ಹೆಂಗಸರಿದ್ದರು. ಅಕ್ಕ ಕೊನೆಯ ತಿರುವಿನಲ್ಲಿ ಕಾರನ್ನು ಅಡ್ಡಡ್ಡ ಜಾರಿಸಿ, ಧೂಳಿನೊಳಗೆ ಪೂರ್ತಿ ಮಾಯವಾಗಿ, ನೆಟ್ಟಗೆ ಹೊರಗೆ ಬಂದಳು. ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಮೂರನೆಯ ಸ್ಥಾನ.

ಹೆಲ್ಮೆಟ್ ತೆಗೆದವಳೇ ಭಾವನನ್ನು ಹುಡುಕಿದಳು. ಅವರು ತೆಂಗಿನ ಮರದ ಕಡೆಯಿಂದ ನೋಟ್‌ಬುಕ್ ಹಿಡಿದು ಓಡಿಬಂದರು.

“ನೋಡಿದ್ರಾ?”

“ಹೂಂ, ನೋಡ್ದೆ.”

“ಯಾವ ತಿರುವಲ್ಲಿ ಜಾರಿಸ್ದೆ ಹೇಳಿ?”

ಭಾವ ನನ್ನ ಮುಖ ನೋಡಿದರು. ನಾನು ಟ್ರ್ಯಾಕ್ ಕಡೆ ತಿರುಗಿದೆ.

“ಎರಡನೇದು” ಎಂದರು.

ಅಕ್ಕ ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಆಗಲಿಲ್ಲ. ಕಾರನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಊರಿಗೆ ವಾಪಸಾಗುವಾಗ ಪಿಕಪ್ಪನ್ನು ಅವಳೇ ಓಡಿಸಿದಳು, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು, ಬಾಗಿಲ ಕಡೆ ನಾನು. ಜಾವಗಲ್ ದಾಟುವವರೆಗೆ ಇಡೀ ರೇಸನ್ನು ಒಂದೊಂದೇ ತಿರುವಾಗಿ ಹೇಳಿದಳು. ಭಾವ ನಡುನಡುವೆ, “ಆಗ ಹಿಂದಿನ ಟೈರು?” ಎಂದು ಕೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಅವಳು ಮತ್ತೆ ಮೊದಲನೆಯ ತಿರುವಿನಿಂದ ಶುರು ಮಾಡಿದಳು.