ನಿಮ್ಮಪ್ಪನದಲ್ಲದ ದನಿ

ಸರೋಜಾ, ಆ ಸಿ.ಡಿ.ಯ ಕೊನೆಯಲ್ಲಿ ಕೇಳುವ ದನಿ ನಿಮ್ಮಪ್ಪನದಲ್ಲ. ಗಂಡಸಿನದೂ ಅಲ್ಲ. ಇದು ನನಗೆ ಗೊತ್ತಿತ್ತು — ನಿಮ್ಮಮ್ಮನಿಗೆ ಹೇಳಲಿಲ್ಲ.

ಹಿಂದೂಪುರದಲ್ಲಿ ಆಗ ನಾನು ಹಳೆಯ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸಿಕೊಡುತ್ತಿದ್ದೆ. ದನಿಯ ಸ್ಯಾಂಪಲ್ ದರ — ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತೇವೆಂಬ ಲೆಕ್ಕ — ಬದಲಿಸುವ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಕಂಪ್ಯೂಟರಿಗೆ ಮೆಮೊರಿ ಕಡಿಮೆ. ಹಾಗಾಗಿ ದನಿಯ ತುಣುಕುಗಳನ್ನು ಕ್ಷಣಕಾಲ ಹಿಡಿದಿಡುವ ಬಫರ್ ಎಲ್ಲ ಗಿರಾಕಿಗಳ ಕ್ಯಾಸೆಟ್ಟಿಗೂ ಒಂದೇ. ಈ ಮಿತವ್ಯಯದ ಬಗ್ಗೆ ನನಗೆ ಹೆಮ್ಮೆ. ಆದರೆ ಅದರಲ್ಲಿ ಕೊನೆಯ ತುಣುಕಿಗೆಂದೇ ಇಟ್ಟ ಭಾಗ ತುಂಬದಿದ್ದರೆ, ಉಳಿದ ಜಾಗದಲ್ಲಿ ಹಿಂದಿನ ಗಿರಾಕಿಯ ಕ್ಯಾಸೆಟ್ಟಿನ ದನಿ ಹಾಗೇ ಕೂತಿರುತ್ತದೆ — ಅದನ್ನು ಒರೆಸಲು ಮರೆತಿದ್ದೆ.

ನಿಮ್ಮಮ್ಮ ರತ್ನಮ್ಮ ಕಲ್ಯಾಣದುರ್ಗದಿಂದ, ತೀರಿಹೋದ ಗಂಡನ ಭಜನೆಯ ಕ್ಯಾಸೆಟ್ಟು ತಂದರು. ಅದಕ್ಕೂ ಮುಂಚೆ, ಸೋಮಂದೇಪಲ್ಲಿಯ ಹೆಂಗಸೊಬ್ಬಳು ಮಗಳಿಗೆಂದು ಮಾತು ತುಂಬಿಸಿದ್ದ ಕ್ಯಾಸೆಟ್ಟು ಮುಗಿಸಿದ್ದೆ. ಅದರ ಸ್ಯಾಂಪಲ್ ದರ ಭಜನೆಯದರ ದುಪ್ಪಟ್ಟು. ನಿಮ್ಮಪ್ಪನ ಭಜನೆಯ ಬಾಲಕ್ಕೆ ಅಂಟಿಕೊಂಡ ಅವಳ ದನಿ ಅರ್ಧ ವೇಗಕ್ಕಿಳಿದು, ದಪ್ಪವಾಗಿ, ಗಂಡಸಿನದಾಯಿತು. ಭಜನೆ ಮುಗಿದ ಮೇಲೆ ಒಂದು ದೀರ್ಘ ಉಸಿರು — ಆಮೇಲೆ, "ಬಾಗ್ಲಾಕ್ಬ್ಯಾಡ... ಬತ್ತೀನಿ ಕಣೆ."

ಮರುವಾರ ನಿಮ್ಮಮ್ಮ ಅಂಗಡಿಗೆ ಬಂದರು. "ಭಜನೆ ಪಾಟ ಆದ್ಮೇಲೆ ಮಾತಾಡ್ತಾರೆ ಕಣಪ್ಪ. ಕ್ಯಾಸೆಟ್ನಾಗೆ ಇರ್ಲಿಲ್ಲ. ಅವರೇ ಅಲ್ವಾ?"

ಹಾಕಿ ಕೇಳಿದೆ. ತಪ್ಪು ಎಲ್ಲಾಯಿತೆಂದು ತಕ್ಷಣ ಹೊಳೆಯಿತು. ಪಕ್ಕದಲ್ಲಿ ಗಿರಾಕಿಗಳಿದ್ದರು — ನನ್ನ ಹೆಸರು ಕೆಡುತ್ತದೆ ಅನ್ನಿಸಿತು.

"ಅವರೇ ಕಣಮ್ಮ" ಎಂದುಬಿಟ್ಟೆ.

ಪ್ರೋಗ್ರಾಮನ್ನು ಅಂದೇ ಸರಿಪಡಿಸಿದೆ. ಮಾತನ್ನು ಸರಿಪಡಿಸಲಿಲ್ಲ.

ಆಮೇಲೆ ನಿಮ್ಮಮ್ಮ ಬಾಗಿಲು ಹಾಕಲಿಲ್ಲ; ಮನೆ ಬಿಟ್ಟು ಕದಲಲೂ ಇಲ್ಲ. ಚಿಲಮತ್ತೂರಿನಲ್ಲಿ ನೀನು ಮಗುವನ್ನು ಕಳೆದುಕೊಂಡು ಮಲಗಿದ್ದಾಗಲೂ ಬರಲಿಲ್ಲ. ನೀನು ಅವರ ಜೊತೆ ಮಾತು ಬಿಟ್ಟೆ.

ಅದು ಕಿವಿಗೆ ಬಿದ್ದಾಗ, ನಿಜ ಹೇಳಲೆಂದೇ ಕಲ್ಯಾಣದುರ್ಗಕ್ಕೆ ಹೋದೆ. ಮಧ್ಯಾಹ್ನ. ಮನೆಯ ಮಗ್ಗದ ಪಕ್ಕ ಎರಡು ತಟ್ಟೆ ಹಾಕಿದ್ದರು — ಒಂದು ತಮಗೆ, ಇನ್ನೊಂದು ಗಂಡನಿಗೆ. ನಾನು ಬಾಯಿ ತೆರೆಯುವ ಮೊದಲೇ ಸಿ.ಡಿ. ಹಾಕಿದರು. ಭಜನೆ, ಉಸಿರು, ಆ ಮಾತು... ಅದು ನನ್ನ ಬಫರಿನ ಕಸವೆಂದು ಬಲ್ಲ ನಾನೇ — ತಿರುಗಿ ಬಾಗಿಲ ಕಡೆ ನೋಡಿದೆ.

ರತ್ನಮ್ಮ ಮೆಲ್ಲಗೆ ಕೇಳಿದರು: "ನಿಂಗೂ ಕಾಣ್ತಾರಾ?"

ಎದ್ದು ಹೊರಟುಬಂದೆ.

ಅವರು ತೀರಿಹೋದಾಗ ನೀನು ಮಣ್ಣಿಗೂ ಬರಲಿಲ್ಲವೆಂದು ತಿಳಿಯಿತು. ಅವರಿಗೆ ನೀನು ಬೇಡವಾಗಿರಲಿಲ್ಲ, ಸರೋಜಾ. ಗಂಡ ಬಂದ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ — ಎಂದು ಹೆದರಿದ್ದರು. ಆ ಹೆದರಿಕೆ ನಾನು ಕೊಟ್ಟದ್ದು. ನಿನ್ನ ಸಿಟ್ಟನ್ನು ಅವರ ಮೇಲಿಂದ ತೆಗೆ, ನನ್ನ ಮೇಲಿಡು.